ಕ್ಯೂ ಮಾಡಿದ ಕೈಗೆ ಹೆಸರು ಸಿಗುವಂತೆ ಮಾಡುವುದು ಹೇಗೆ?

ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು, ಅಂದರೆ ಕ್ಯೂ ಮೇಲೆ ಸಾಮಾನ್ಯವಾಗಿ ಅದನ್ನು ಮಾಡಿದ ಒಬ್ಬರ ಹೆಸರಷ್ಟೇ ಇರುತ್ತದೆ. ಹಾಗಂತ ಕೆಲಸವೂ ಒಬ್ಬರದೇ ಅಂತೇನಿಲ್ಲ. ಜಾರ್ಜ್ ಬಾಲಬುಷ್ಕಾ ಅವರನ್ನೇ ನೋಡಿ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ಬಂದು, ಬ್ರೂಕ್ಲಿನ್‌ನಲ್ಲಿ ಕ್ಯೂ ಮಾಡಿ ದೊಡ್ಡ ಹೆಸರು ಗಳಿಸಿದವರು. ಆದರೆ ಅವರ ಎಷ್ಟೋ ಕ್ಯೂಗಳಿಗೆ ಬಣ್ಣಬಣ್ಣದ ಮರ ಕೂಡಿಸಿದ ಬ್ಲ್ಯಾಂಕ್, ಅಂದರೆ ಇನ್ನೂ ಕ್ಯೂ ಆಗದ ಮರದ ತುಂಡು, ಮಾಡಿಕೊಟ್ಟವರು ಬರ್ಟನ್ ಸ್ಪೇನ್ ಮತ್ತು ಗಸ್ ಜಾಂಬೋಟಿ. ಅದನ್ನೆಲ್ಲ ಯಾರೋ ಬರೆದಿಟ್ಟಿದ್ದಕ್ಕೆ ನಮಗೆ ಗೊತ್ತು. ಬೇರೆ ದೇಶದಿಂದ ಅಲ್ಲಿಗೆ ಹೋಗಿ, ಮನೆಯವರ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ದುಡಿದ ಹೆಂಗಸಿನ ಬಗ್ಗೆ ಬರೆದಿಡುವವರು ಯಾರು? ನಿಮ್ಮ ಮನೆಯಲ್ಲಿ ಅಂಥವರೊಬ್ಬರು ತೀರಿಕೊಂಡಿದ್ದರೆ, ಫೋಟೋಗೆ ಹಾರ ಹಾಕಿ ಎರಡು ಒಳ್ಳೆ ಮಾತು ಹೇಳಿದರೆ ಸಾಲದು.

ಮೊದಲು ವರ್ಕ್‌ಶಾಪನ್ನು ಗುಡಿಸಬೇಡಿ. ಇದ್ದದ್ದು ಇದ್ದ ಹಾಗೇ ಫೋಟೋ ತೆಗೆಯಿರಿ. ಮರ ತಿರುಗಿಸಿ ಕಡೆಯುವ ಲೇತ್ ಯಂತ್ರದ ಪಕ್ಕ ಯಾವ ಉಳಿ ಇತ್ತು, ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಅಳತೆ ಯಾವುದು, ಎಲ್ಲಾ. ಆರ್ಡರ್ ಪುಸ್ತಕದಲ್ಲಿ ಅವರ ಊರಿನ ಭಾಷೆಯಲ್ಲಿ ಗೀಚಿದ್ದು ಕಂಡರೆ ಸುಮ್ನೆ ದಾಟಿಸಬೇಡಿ, ಆ ಭಾಷೆ ಬಲ್ಲವರಿಂದ ಓದಿಸಿ.

ಆಮೇಲೆ ಮುಖ್ಯ ಕೆಲಸ: ಯಾವ ಭಾಗ ಅವರ ಕೈಯದು ಅಂತ ಗುರುತಿಸುವುದು. ಉದಾಹರಣೆಗೆ ಕ್ಯೂ ಹಿಡಿಗೆ ಸುತ್ತುವ ಲಿನನ್ ದಾರ. ಕ್ಯೂ ಲೇತ್‌ನಲ್ಲಿ ನಿಧಾನ ತಿರುಗುತ್ತಿರುತ್ತದೆ, ದಾರವನ್ನು ಒಂದೇ ಬಿಗಿಯಲ್ಲಿ ಎಳೆಗೆ ಎಳೆ ಅಂಟಿಕೊಂಡು ಕೂರುವಂತೆ ಬಿಡುತ್ತಾ ಹೋಗಬೇಕು, ಕೊನೆಯ ತುದಿಯನ್ನು ಗಂಟು ಕಾಣದಂತೆ ಒಳಗೆ ಸೇರಿಸಿ ಆಮೇಲೆ ಉಜ್ಜಿ ಚಪ್ಪಟೆ ಮಾಡಬೇಕು. ಬೆರಳು ಓಡಿಸಿದರೆ ಎಲ್ಲೂ ತಡೆಯಬಾರದು. ಇಂಥ ಕೆಲಸವನ್ನೇ ‘ಸ್ವಲ್ಪ ಸಹಾಯ ಮಾಡ್ತಿದ್ರು’ ಅಂತ ಮುಗಿಸಿಬಿಡುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲೇ. ‘ಈ ಹಿಡಿ ಸುತ್ತಿದ್ದು ಇವರು, ಈ ಕಪ್ಪೆಚಿಪ್ಪಿನ ಹೂವು ಕೂರಿಸಿದ್ದು ಇವರು’ ಅಂತ ಒಂದೊಂದು ಕ್ಯೂಗೂ ಬೇರೆಬೇರೆಯಾಗಿ ಬರೆಯಿರಿ. ಖಾತ್ರಿಯಿಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕಿ, ಊಹಿಸಬೇಡಿ.

ಹಳೇ ಗಿರಾಕಿಗಳನ್ನು ಹುಡುಕಿ. ಕ್ಯೂನ ಎರಡು ಭಾಗ ಸೇರುವ ಜಾಯಿಂಟ್, ಹಿಡಿ, ಬುಡ ಮೂರರದ್ದೂ ಹತ್ತಿರದ ಫೋಟೋ ಕೇಳಿ, ತೂಕ ಮತ್ತು ಕೊಂಡ ವರ್ಷವನ್ನೂ ಬರೆದುಕೊಳ್ಳಿ. ಹಿಡಿಯ ದಾರ ಬದಲಿಸುವವರಿದ್ದರೆ ಹಳೇ ದಾರ ಬಿಸಾಡಬೇಡಿ ಅನ್ನಿ. ಕ್ಯೂ ಕಳಿಸಿಕೊಡಿ ಅನ್ನುವ ಮುಂಚೆ ಅದರಲ್ಲಿ ಆನೆದಂತ ಇದೆಯಾ ಅಂತ ನೋಡಿ. ಕೆಲವು ಹಳೇ ಕ್ಯೂಗಳಲ್ಲಿ ಇರುತ್ತದೆ, ಅನುಮತಿಯಿಲ್ಲದೆ ಗಡಿ ದಾಟಿಸಿದರೆ ಕೇಸು. ಕ್ಯೂಗೆ ಬಳಸುತ್ತಿದ್ದ ಬ್ರೆಜಿಲ್ ರೋಸ್‌ವುಡ್ ಮರಕ್ಕೂ 1992ರಿಂದ ಕಟ್ಟುನಿಟ್ಟು ಜಾಸ್ತಿ.

ವಲಸೆಯ ಕಥೆಗೆ ನೆನಪನ್ನಷ್ಟೇ ನಂಬಬೇಡಿ. ಪೌರತ್ವದ ಅರ್ಜಿ, ಹಡಗಿನ ಪ್ರಯಾಣಿಕರ ಪಟ್ಟಿ ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಸಿಗಬಹುದು. ಹೆಸರಿನ ಸ್ಪೆಲ್ಲಿಂಗ್ ಬೇರೆಬೇರೆ ಇರುತ್ತದೆ, ಎಲ್ಲವನ್ನೂ ಹಾಕಿ ಹುಡುಕಿ. ಮದುವೆಗೆ ಮುಂಚಿನ ಹೆಸರು ಮರೆಯಬೇಡಿ.

ಸ್ಮರಣೆಯ ದಿನ ಅವರ ಕ್ಯೂಗಳನ್ನು ಗಾಜಿನೊಳಗೆ ಇಡುವುದಕ್ಕಿಂತ ಟೇಬಲ್ ಮೇಲೆ ಇಡಿ, ಬಂದವರು ಆಡಲಿ. ಪಕ್ಕದಲ್ಲಿ ಯಾರ ಕೈ ಎಲ್ಲಿದೆ ಅಂತ ಚೀಟಿ ಇರಲಿ.

ಇನ್ನು ಅರ್ಧ ಕಡೆದಿಟ್ಟ ಮೇಪಲ್ ಮರದ ಶಾಫ್ಟ್‌ಗಳು, ಅಂದರೆ ಕ್ಯೂನ ತೆಳ್ಳಗಿನ ಮುಂಭಾಗ. ಮರ ಬಾಗದಿರಲಿ ಅಂತ ಸ್ವಲ್ಪ ಸ್ವಲ್ಪವೇ ಕಡೆದು ತಿಂಗಳುಗಟ್ಟಲೆ ತೂಗುಹಾಕಿರುತ್ತಾರೆ, ಹಾಗಾಗಿ ಒಂದಿಷ್ಟು ಉಳಿದೇ ಇರುತ್ತವೆ. ಬೇರೆಯವರು ಮುಗಿಸಿದರೆ ತಪ್ಪಿಲ್ಲ, ಆದರೆ ಎರಡೂ ಹೆಸರು ಹಾಕಬೇಕು. ಬರೀ ತೀರಿಕೊಂಡವರ ಹೆಸರು ಹಾಕಿ ಮಾರಿದರೆ ಅದು ಮೋಸ, ಅಲ್ವಾ?