ಇಪ್ಪತ್ತೈದು ಗಂಟೆಗೆ ಕಳಿಸಿ

'12ನೇ ತಾರೀಖು 25 ಗಂಟೆಯೊಳಗೆ ಕಳಿಸಿ.' ಟೋಕಿಯೋದಿಂದ ಬಂದ ಮೇಲ್ ಓದಿ ಬೆರಳು ತಪ್ಪಿರಬೇಕು, 15 ಅಂತ ಇರಬೇಕು ಅಂದುಕೊಂಡೆ. ಮಕ್ಕಳ ಚಿತ್ರಪುಸ್ತಕವೊಂದರ ಕೆಲಸ. ಟೋಕಿಯೋದವರು ಚಿತ್ರ ಬರೆಯುತ್ತಾರೆ, ಮ್ಯಾಡ್ರಿಡ್‌ನವರು ಪುಟ ಕಟ್ಟುತ್ತಾರೆ, ಇಬ್ಬರ ನಡುವೆ ಓಡಾಡುವವನು ನಾನು. ಟೋಕಿಯೋದ ಮಧ್ಯಾಹ್ನ ಮೂರು ಅಂದರೆ ಮ್ಯಾಡ್ರಿಡ್‌ನಲ್ಲಿ ಬೆಳಿಗ್ಗೆ ಎಂಟು. ಅವತ್ತು ಪಾಪ, ಅವರನ್ನು ಬೆಳಗಾಗುವ ಮೊದಲೇ ಎಬ್ಬಿಸಿ ಕೆಲಸ ಮಾಡಿಸಿದೆ.

ಆಮೇಲೆ ಗೊತ್ತಾಯಿತು, 25 ಗಂಟೆ ಅನ್ನೋದು ಅಲ್ಲಿ ನಿಜವಾಗಿಯೂ ಇದೆ. ತಡರಾತ್ರಿಯ ಟಿವಿ ಕಾರ್ಯಕ್ರಮ, ನಡುರಾತ್ರಿ ದಾಟಿಯೂ ತೆರೆದಿರುವ ಅಂಗಡಿಗಳ ಬೋರ್ಡು ಹೀಗೇ ಬರೆಯುತ್ತವೆ. ಮಲಗುವ ತನಕ ಆ ದಿನ ಮುಗಿದಿಲ್ಲ ಅಂತ ಲೆಕ್ಕ. ಅಂದರೆ 12ರ 24 ಗಂಟೆ ದಾಟಿ ಇನ್ನೊಂದು ಗಂಟೆ. ಟೋಕಿಯೋದಲ್ಲಿ 13ರ ರಾತ್ರಿ ಒಂದು ಗಂಟೆ, ಮ್ಯಾಡ್ರಿಡ್‌ನಲ್ಲಿ 12ರ ಸಂಜೆ ಆರು. ಹತ್ತು ಗಂಟೆ ಸುಮ್ನೆ ಗಾಬರಿಪಟ್ಟಿದ್ದೆವು.

ಅದುವರೆಗೆ 'ಏಳು ಗಂಟೆ ವ್ಯತ್ಯಾಸ' ಅನ್ನೋದೊಂದೇ ನನ್ನ ಜ್ಞಾನ. ಅದೂ ಪೂರ್ತಿ ನಿಜವಲ್ಲ. ಸ್ಪೇನ್ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತದೆ. ಜಪಾನ್ 1948ರಿಂದ 1951ರವರೆಗೆ ಇದನ್ನು ಮಾಡಿ ನೋಡಿ ಕೈಬಿಟ್ಟಿತು. ಹಾಗಾಗಿ ಚಳಿಗಾಲದಲ್ಲಿ ವ್ಯತ್ಯಾಸ ಎಂಟು ಗಂಟೆ. ನಮ್ಮ ವಾರದ ಮೀಟಿಂಗು ಮ್ಯಾಡ್ರಿಡ್‌ನ ಹತ್ತಕ್ಕೆ ನಿಗದಿಯಾಗಿತ್ತು. ಅಕ್ಟೋಬರ್ ಮುಗಿದ ಮೇಲೆ ಟೋಕಿಯೋಗೆ ಅದು ಐದರಿಂದ ಆರಕ್ಕೆ ಜಾರಿತು. ಚಿತ್ರಕಾರರು ಮಗುವನ್ನು ಡೇಕೇರಿನಿಂದ ಕರೆತರುವ ಹೊತ್ತು ಅದು. ಮೂರು ವಾರ ಒಂದು ಮಾತೂ ಆಡಲಿಲ್ಲ. ನಾಲ್ಕನೇ ವಾರ ಹಿಂದೆ ಮಗುವಿನ ಅಳು ಕೇಳಿ ನಾನೇ ವಿಚಾರಿಸಿದೆ.

ಮ್ಯಾಡ್ರಿಡ್‌ನವರದು ಬೇರೆ ಕಥೆ. 'ಬೆಳಿಗ್ಗೆ ಕಳಿಸ್ತೇವೆ' ಅಂದಿದ್ದು 1:40ಕ್ಕೆ ಬಂತು. ಟೋಕಿಯೋದಲ್ಲಿ ಆಗ ರಾತ್ರಿ 8:40. ಕೇಳಿದರೆ, 'ಇನ್ನೂ ಊಟ ಆಗಿಲ್ವಲ್ಲ!' ಅಂದರು. ಊಟದ ತನಕ ಅವರಿಗೆ ಬೆಳಿಗ್ಗೆಯೇ, ಊಟವೋ ಎರಡರ ಮೇಲೆ.

ನಕ್ಷೆ ತೆಗೆದು ನೋಡಿದ ಮೇಲೆ ನನ್ನ ಸಿಟ್ಟು ಇಳಿಯಿತು. ಮ್ಯಾಡ್ರಿಡ್ ಇರುವುದು ಗ್ರೀನಿಚ್‌ಗಿಂತ ಪಶ್ಚಿಮಕ್ಕೆ. ಪಕ್ಕದ ಪೋರ್ಚುಗಲ್ ಲಂಡನ್ ಸಮಯದಲ್ಲೇ ಇದೆ. ಸ್ಪೇನ್ ಮಾತ್ರ 1940ರಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಬರ್ಲಿನ್ ಜೊತೆ ಸೇರಿತು, ವಾಪಸ್ ಬರಲೇ ಇಲ್ಲ. ಜೂನ್‌ನಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 2:15ಕ್ಕೆ, ಮುಳುಗುವುದು 9:45ರ ಆಸುಪಾಸು. ಸೂರ್ಯನ ಲೆಕ್ಕದಲ್ಲಿ ಅವರು ಊಟ ಮಾಡುವುದು ಸರಿಯಾಗಿ ಮಧ್ಯಾಹ್ನಕ್ಕೇ ಅಲ್ವಾ? ತಡವಾದ ಊಟಕ್ಕೆ ಇದೊಂದೇ ಕಾರಣ ಅಂತ ನಾನು ವಾದ ಮಾಡಲ್ಲ. ಟೋಕಿಯೋದ್ದು ಉಲ್ಟಾ. ಜಪಾನಿನ ಗಡಿಯಾರ ಆಕಾಶಿ ಊರಿನ ಮೇಲೆ ಹಾದುಹೋಗುವ 135 ಡಿಗ್ರಿ ಗೆರೆಗೆ ಹೊಂದಿಸಿದ್ದು, ಟೋಕಿಯೋ ಅದಕ್ಕೂ ಪೂರ್ವಕ್ಕಿದೆ. ಜೂನ್‌ನಲ್ಲಿ ನಾಲ್ಕೂವರೆಗೆ ಮೊದಲೇ ಸೂರ್ಯ ಹುಟ್ಟಿ, ಏಳಕ್ಕೆಲ್ಲ ಕತ್ತಲು ಶುರು.

ಈಗ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ಎರಡು ಸಾಲು ಗಂಟೆಗಳು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ 'ಊಟ', 'ಮಗು', 'ಕತ್ತಲು', 'ಆಗಸ್ಟ್‌ನಲ್ಲಿ ಮ್ಯಾಡ್ರಿಡ್ ರಜೆ, ಕೇಳಲೇ ಬೇಡ'. ಮೀಟಿಂಗು ಟೋಕಿಯೋದ ಐದಕ್ಕೇ ಕಟ್ಟಿಹಾಕಿದೆ. ಚಳಿಗಾಲದಲ್ಲಿ ಮ್ಯಾಡ್ರಿಡ್‌ನವರು ಒಂಬತ್ತಕ್ಕೆ ಕಾಫಿ ಲೋಟ ಹಿಡಿದು, ಕಣ್ಣುಜ್ಜಿಕೊಂಡು ಬರುತ್ತಾರೆ. ಗೊಣಗುತ್ತಾರೆ, ಆದರೆ ಬಾಯಿಬಿಟ್ಟು ಗೊಣಗುತ್ತಾರೆ. ಅದು ನನಗೆ ಸುಲಭ.

ಗಡುವನ್ನು ಈಗ ಎರಡೂ ಊರಿನ ಲೆಕ್ಕದಲ್ಲಿ ಬಿಡಿಸಿ ಬರೆಯುತ್ತೇನೆ: 'ಟೋಕಿಯೋ 13, ರಾತ್ರಿ 1. ಮ್ಯಾಡ್ರಿಡ್ 12, ಸಂಜೆ 6.' ಹೋದ ಸಲ ಟೋಕಿಯೋದಿಂದ ತಕ್ಷಣ ಉತ್ತರ ಬಂತು: 'ಅಂದ್ರೆ 12ರ 25 ಗಂಟೆ ತಾನೇ?'