ಪೆಟ್ಟಿಗೆಗೆ ಬೀಗ ಬೇಡ: ಊರಲ್ಲಿ ಎಇಡಿ ಇಡುವುದು, ಬಳಸುವುದು ಹೇಗೆ?

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಂದು ಮದುವೆಗೆ ಹೋಗಿದ್ದೆ. ಮಂಟಪದ ಆಫೀಸ್ ಕೋಣೆಯ ಕಿಟಕಿಯಲ್ಲಿ ಇಣುಕಿದರೆ ಗೋಡೆ ಮೇಲೆ ಎಇಡಿ ಪೆಟ್ಟಿಗೆ ಕಂಡಿತು. ತಾಳ ತಪ್ಪಿ ನಡುಗುವ ಹೃದಯಕ್ಕೆ ಶಾಕ್ ಕೊಡುವ ಯಂತ್ರ. ಯಾರೋ ದಾನಿಗಳು ಕೊಟ್ಟಿದ್ದಂತೆ. ಕೋಣೆಗೆ ಬೀಗ. ಕೀ ಎಲ್ಲಿ ಅಂತ ಕೇಳಿದೆ. "ಸೆಕ್ರೆಟರಿ ಹತ್ರ ಇದೆ, ಅವರು ಮೈಸೂರಿಗೆ ಹೋಗಿದ್ದಾರೆ" ಅಂದರು. ಇತ್ತ ಅಂಗಳದಲ್ಲಿ ಎಪ್ಪತ್ತು ದಾಟಿದವರೂ ವಾಲಗಕ್ಕೆ ಕುಣಿಯುತ್ತಿದ್ದರು.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ರಕ್ತನಾಳ ಕಟ್ಟಿಕೊಂಡು ಎದೆನೋವು ಬರುವುದು ಆಘಾತ. ಆಗ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ. ಹೃದಯದ ಒಳಗಿನ ವಿದ್ಯುತ್ ತಾಳ ತಪ್ಪಿ, ಅದು ರಕ್ತ ತಳ್ಳುವುದನ್ನು ಬಿಟ್ಟು ಸುಮ್ನೆ ನಡುಗತೊಡಗಿದರೆ ಸ್ತಂಭನ. ಮನುಷ್ಯ ಕುಸಿದು ಬೀಳುತ್ತಾನೆ. ಯಾರೂ ಏನೂ ಮಾಡದಿದ್ದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ನಮ್ಮ ಕೊಡಗಿನಲ್ಲಿ ಭಾಗಮಂಡಲದಿಂದ ಮಡಿಕೇರಿಯ ಆಸ್ಪತ್ರೆಗೆ ಆ ತಿರುವುಗಳಲ್ಲಿ, ಜುಲೈ ಮಳೆಯಲ್ಲಿ ಎಷ್ಟು ಹೊತ್ತು ಬೇಕು ಅಂತ ನಮಗೆ ಗೊತ್ತು ಅಲ್ವಾ? ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ಮೇಲೆ ಸರ್ಕಾರ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ. ಒಳ್ಳೆಯದೇ. ಆದರೆ ಅಲ್ಲಿಗೆ ತಲುಪುವ ತನಕ ಜೀವ ಇರಬೇಕಲ್ಲ.

ಎಲ್ಲಿ ಇಡಬೇಕು? ಜನ ಜಾಸ್ತಿ ಸೇರುವ ಕಡೆ. ಮದುವೆ ಮಂಟಪ, ಬಸ್ ಸ್ಟ್ಯಾಂಡ್, ಸಂತೆ, ಕೌಟುಂಬಿಕ ಹಾಕಿ ನಡೆಯುವ ಮೈದಾನ, ದೊಡ್ಡ ಕಾಫಿ ತೋಟದ ಕಣ. ಬೇಗ ಬೇಗ ನಡೆದರೆ ಒಂದೂವರೆ ನಿಮಿಷದಲ್ಲಿ ಕೈಗೆ ಸಿಗಬೇಕು. ವರಾಂಡದಲ್ಲಿರಲಿ, ಆದರೆ ಇರಚಲು ಹೊಡೆಯದ ಗೋಡೆಯಲ್ಲಿ. ನಮ್ಮ ಥಂಡಿಗೆ ಏನಿಟ್ಟರೂ ಬೂಸ್ಟು ಹಿಡಿಯುತ್ತದೆ. ಕಳ್ಳರ ಭಯ ಇದ್ದರೆ ಬಾಗಿಲು ತೆಗೆದ ಕೂಡಲೇ ಅಲಾರಂ ಹೊಡೆಯುವ ಕಪಾಟು ಸಿಗುತ್ತದೆ. ಬೀಗ ಮಾತ್ರ ಬೇಡ.

ಬಹಳಷ್ಟು ಯಂತ್ರಗಳು ಮಾತಾಡುವುದು ಇಂಗ್ಲಿಷಿನಲ್ಲಿ. ಲೈನ್‌ಮನೆಯ ತೋಟದ ಕಾರ್ಮಿಕರಿಗೆ ಅದರಿಂದೇನು ಉಪಯೋಗ? ಕೊಳ್ಳುವಾಗಲೇ ನಮ್ಮ ಭಾಷೆ ಇದೆಯಾ ಕೇಳಿ. ಇಲ್ಲದಿದ್ದರೆ ಅದು ಏನೇನು ಹೇಳುತ್ತದೆ ಅಂತ ಕನ್ನಡದಲ್ಲೂ, ಬೇಕಿದ್ದರೆ ಮಲಯಾಳದಲ್ಲೂ ದಪ್ಪ ಅಕ್ಷರದಲ್ಲಿ ಬರೆದು ಪಕ್ಕದಲ್ಲೇ ಅಂಟಿಸಿ.

ಯಾರಾದರೂ ಕುಸಿದು ಬಿದ್ದರೆ? ಭುಜ ತಟ್ಟಿ, ಜೋರಾಗಿ ಕೂಗಿ. ಅಲುಗಾಟ ಇಲ್ಲ, ಸರಿಯಾದ ಉಸಿರೂ ಇಲ್ಲ ಅಂದರೆ ಸ್ತಂಭನ ಅಂತಲೇ ತಿಳಿಯಿರಿ. ಆಗೊಮ್ಮೆ ಈಗೊಮ್ಮೆ ಗೊರ್ ಅಂತ ಬಾಯಿ ತೆರೆಯುವುದು ಉಸಿರಾಟ ಅಲ್ಲ. ಮೋಸ ಹೋಗುವುದೇ ಇಲ್ಲಿ. ಫಿಟ್ಸ್ ಅಂದುಕೊಂಡು ಕೈಗೆ ಕೀ ಗೊಂಚಲು ಕೊಡುತ್ತಾ, ಮುಖಕ್ಕೆ ನೀರು ಹಾಕುತ್ತಾ ಐದು ನಿಮಿಷ ಕಳೆದುಬಿಡುತ್ತಾರೆ.

ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎಇಡಿಗೆ ಓಡಲಿ. ನೀವು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಒತ್ತಲು ಶುರು ಮಾಡಿ. ಆಳ 5ರಿಂದ 6 ಸೆಂಟಿಮೀಟರ್, ನಿಮಿಷಕ್ಕೆ 100ರಿಂದ 120 ಸಲ. ಬಾಯಿಗೆ ಬಾಯಿಟ್ಟು ಊದಲು ಗೊತ್ತಿಲ್ಲದಿದ್ದರೆ ಬಿಡಿ, ಒತ್ತುವುದನ್ನು ನಿಲ್ಲಿಸಬೇಡಿ.

ಪೆಟ್ಟಿಗೆ ಬಂದ ಕೂಡಲೇ ಆನ್ ಮಾಡಿ. ಎದೆ ಬರಿದಾಗಬೇಕು. ಹೆಂಗಸರಾದರೆ ನಾವು ಹಿಂಜರಿಯುತ್ತೇವೆ. ನಾಲ್ಕು ಜನ ಸುತ್ತ ಸೀರೆ ಮರೆ ಹಿಡಿಯಲಿ, ಒಬ್ಬರು ರವಿಕೆ ಕತ್ತರಿಸಲಿ. ಮಳೆಯಲ್ಲಿ ನೆನೆದಿದ್ದರೆ ನಿಂತ ನೀರಿನಿಂದ ಪಕ್ಕಕ್ಕೆ ಎಳೆದು, ಎದೆ ಚೆನ್ನಾಗಿ ಒರೆಸಿ. ಶಾಕ್ ಹಾಯಿಸುವ ಎರಡು ಅಂಟು ಪ್ಯಾಡ್‌ಗಳಲ್ಲಿ ಒಂದನ್ನು ಬಲಗಡೆ ಕಾಲರ್ ಮೂಳೆಯ ಕೆಳಗೆ, ಇನ್ನೊಂದನ್ನು ಎಡ ಕಂಕುಳ ಕೆಳಗೆ ಪಕ್ಕೆಗೆ ಅಂಟಿಸಿ. ಪ್ಯಾಡ್ ಮೇಲೆಯೇ ಚಿತ್ರ ಇರುತ್ತದೆ. ಎಂಟು ವರ್ಷದೊಳಗಿನ ಮಗುವಿಗೆ ಮಕ್ಕಳ ಪ್ಯಾಡ್ ಇದ್ದರೆ ಅದನ್ನೇ ಹಾಕಿ.

ಯಂತ್ರ ಪರೀಕ್ಷಿಸುವಾಗ ಯಾರೂ ಮುಟ್ಟಬಾರದು. ಶಾಕ್ ಬೇಕು ಅಂದರೆ, ಎಲ್ಲರೂ ದೂರ ಇದ್ದಾರಾ ನೋಡಿ ಬಟನ್ ಒತ್ತಿ. ಕೆಲವು ಯಂತ್ರಗಳು ತಾವೇ ಕೊಡುತ್ತವೆ. ತಪ್ಪಾಗಿ ಶಾಕ್ ಕೊಟ್ಟುಬಿಟ್ಟರೆ ಅನ್ನುವ ಹೆದರಿಕೆ ಬೇಡ. ಬೇಕಾ ಬೇಡವಾ ಅಂತ ತೀರ್ಮಾನಿಸುವುದು ಯಂತ್ರ, ನೀವಲ್ಲ. ಶಾಕ್ ಆದ ತಕ್ಷಣ ಮತ್ತೆ ಎದೆ ಒತ್ತಿ. ಎರಡು ನಿಮಿಷಕ್ಕೊಮ್ಮೆ ಅದು ಮತ್ತೆ ಪರೀಕ್ಷಿಸುತ್ತದೆ. ಆಂಬುಲೆನ್ಸ್ ಬರುವ ತನಕ ಪ್ಯಾಡ್ ಕೀಳಬೇಡಿ. ಕೈ ಸೋತರೆ ಆಳು ಬದಲಾಗಲಿ.

ನೋಡಿಕೊಳ್ಳುವುದು ಯಾರು? ಕಮಿಟಿ ಅಂದರೆ ಯಾರೂ ಅಲ್ಲ. ಒಬ್ಬರ ಹೆಸರು ಗೊತ್ತು ಮಾಡಿ. ತಿಂಗಳಿಗೊಮ್ಮೆ ಸರಿಯಿದೆ ಅನ್ನುವ ದೀಪ ಅಥವಾ ಗುರುತು ಕಾಣುತ್ತಿದೆಯಾ, ಪ್ಯಾಡಿನ ತಾರೀಖು ಮುಗಿದಿದೆಯಾ ನೋಡಬೇಕು. ಪ್ಯಾಡಿನ ಅಂಟು ಒಣಗುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಬದಲಿಸಬೇಕು. ಒಮ್ಮೆ ಬಳಸಿದ್ದು ಮತ್ತೆ ಬರುವುದಿಲ್ಲ, ಅದಕ್ಕೆ ಇನ್ನೊಂದು ಜೊತೆ ಪೆಟ್ಟಿಗೆಯಲ್ಲೇ ಇರಲಿ. ಬ್ಯಾಟರಿಗೂ ತಾರೀಖು ಇದೆ. ದಾನ ಕೊಡುವವರಿದ್ದರೆ ಯಂತ್ರದ ಜೊತೆ ಮುಂದಿನ ಪ್ಯಾಡಿನ ದುಡ್ಡನ್ನೂ ಕೇಳಿಟ್ಟುಕೊಳ್ಳಿ.