ಒಗ್ಗರಣೆಗೊಂದು, ಹುಳಕ್ಕೊಂದು

ಶಿವಮೊಗ್ಗದ ನಮ್ಮ ಮನೆಯ ಹಿತ್ತಲಲ್ಲಿ ಎರಡು ಕರಿಬೇವಿನ ಗಿಡಗಳಿವೆ. ಬಚ್ಚಲ ಗೋಡೆ ಪಕ್ಕದ್ದು ಒಗ್ಗರಣೆಗೆ, ಬೇಲಿ ಹತ್ತಿರದ್ದು ಚಿಟ್ಟೆಯ ಮರಿಹುಳಗಳಿಗೆ. ಇದು ಅತ್ತೆಯ ಜೊತೆ ಆದ ಒಪ್ಪಂದ. "ಹೂವಿಗೆ ಚಿಟ್ಟೆ ಬರಲಿ, ಬೇಡ ಅಂದೋರ್ಯಾರು? ನನ್ನ ಕರಿಬೇವು ಯಾಕಮ್ಮ ತಿನ್ನಬೇಕು?" ಅಂತ ಅವರು ಕೇಳಿದ್ದರಲ್ಲಿ ನ್ಯಾಯ ಇತ್ತು. ಕರಿಬೇವಿನ ಬುಡದಲ್ಲಿ ಹೇಗೂ ಮರಿಗಿಡಗಳು ಏಳುತ್ತವೆ. ಒಂದನ್ನು ಬೇರು ಸಮೇತ ಎತ್ತಿ ಆಚೆ ನೆಟ್ಟೆ. ಈಗ ಅಡುಗೆಯ ಗಿಡದಲ್ಲಿ ಹುಳ ಕಂಡರೆ ಅತ್ತೆಯೇ ಕೂಗುತ್ತಾರೆ. ನಾನು ಎಲೆ ಸಮೇತ ಕಿತ್ತು ಬೇಲಿ ಗಿಡಕ್ಕೆ ಬಿಡುತ್ತೇನೆ.

ಬರೀ ಹೂವಿದ್ದರೆ ಚಿಟ್ಟೆ ಬರುತ್ತದೆ, ಮಕರಂದ ಹೀರಿ ಪಕ್ಕದ ಮನೆಗೆ ಹೋಗುತ್ತದೆ. ಮೊಟ್ಟೆ ಇಡಬೇಕಾದರೆ ಮರಿಗೆ ಒಗ್ಗುವ ಎಲೆ ಬೇಕು. ಒಂದೊಂದು ಜಾತಿಗೆ ಒಂದೊಂದು ಎಲೆ. ಹಾಗಾಗಿ ಗಿಡ ಆರಿಸುವಾಗ ನಾನು ಹೂವಿಗಿಂತ ಮೊದಲು ಎಲೆಯ ಲೆಕ್ಕ ಹಾಕಿದೆ.

ಕರಿಬೇವು, ನಿಂಬೆ ಗಿಡಕ್ಕೆ ಬರುವುದು ಲೈಮ್ ಬಟರ್‌ಫ್ಲೈ ಮತ್ತು ಕಾಮನ್ ಮಾರ್ಮನ್. ಮರಿಹುಳ ಸಣ್ಣದಿದ್ದಾಗ ಥೇಟ್ ಹಕ್ಕಿ ಹಿಕ್ಕೆ. ಕಂದು ಮೈ, ನಡುವೆ ಬಿಳಿ ಪಟ್ಟಿ. ಪೊರೆ ಬಿಡುತ್ತಾ ಬೆಳೆದು ಕೊನೆಗೆ ಎಲೆ ಬಣ್ಣಕ್ಕೆ ತಿರುಗುತ್ತದೆ. ಆಗ ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚುತ್ತದೆ, ಜೊತೆಗೆ ಘಾಟು ವಾಸನೆ. ಇಷ್ಟೇ ಅದರ ಆಯುಧ. ಕಚ್ಚುವುದಿಲ್ಲ, ಕಂಬಳಿಹುಳದ ಹಾಗೆ ತುರಿಕೆಯೂ ಇಲ್ಲ.

ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದ್ದೇನೆ. ಅದಕ್ಕೆ ಕ್ರಿಮ್ಸನ್ ರೋಸ್ ಬರುತ್ತದೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದೂ ಇದೇ ಬಳ್ಳಿಗೆ. ಆದರೆ ಅದು ಘಟ್ಟದ ಕಡೆಯದು, ಪೇಟೆ ಹಿತ್ತಲಿಗೆ ಬರಲಿ ಅಂತ ನಾನು ಕಾದು ಕೂತಿಲ್ಲ. ಈ ಬಳ್ಳಿಯ ವಿಷ ಮರಿಹುಳದ ಮೈಗೆ ಸೇರಿ ಚಿಟ್ಟೆಯಲ್ಲೂ ಉಳಿಯುತ್ತದೆ, ಹಕ್ಕಿಗಳು ದೂರ ಇರುತ್ತವೆ. ಮಜಾ ಏನು ಗೊತ್ತಾ? ಕರಿಬೇವು ತಿಂದು ಬೆಳೆದ ಮಾರ್ಮನ್‌ನ ಕೆಲವು ಹೆಣ್ಣುಗಳು ಈ ರೋಸ್ ಚಿಟ್ಟೆಗಳ ವೇಷದಲ್ಲೇ ಹುಟ್ಟುತ್ತವೆ. ವಿಷ ಇಲ್ಲ, ಬಿಲ್ಡಪ್ ಮಾತ್ರ! ಗುರುತಿಸಲು ರೆಕ್ಕೆ ನೋಡಬೇಡಿ, ಮೈ ನೋಡಿ. ನಿಜವಾದ ರೋಸ್‌ನ ಮೈ ಕೆಂಪು, ವೇಷದ್ದು ಕಪ್ಪು.

ಬಿಳಿ ಎಕ್ಕ ಗಣಪತಿಗೆ ಶ್ರೇಷ್ಠ ಅಂತ ಮೊದಲೇ ಇತ್ತು. ಅದಕ್ಕೆ ಪ್ಲೈನ್ ಟೈಗರ್ ತಾನಾಗೇ ಬಂತು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕೊಂಬೆ ಸವರುವಾಗ ಹುಷಾರು. ಕಣಗಿಲೆಗೆ ಕಾಮನ್ ಕ್ರೋ ಚಿಟ್ಟೆ ಬರುತ್ತದೆ. ಅದರ ಕೋಶ, ಅಂದರೆ ಹುಳ ಚಿಟ್ಟೆಯಾಗುವ ಗೂಡು, ಹುಣಸೆಹಣ್ಣು ಹಾಕಿ ತಿಕ್ಕಿದ ಬೆಳ್ಳಿ ಕುಂಕುಮದ ಬಟ್ಟಲಿನ ಹಾಗೆ ಹೊಳೆಯುತ್ತದೆ. ಮಾವಿನೆಲೆ ಮೇಲೆ ಇರುವ ಬ್ಯಾರನ್ ಚಿಟ್ಟೆಯ ಹುಳ ಮಾತ್ರ ಸುಲಭಕ್ಕೆ ಕಾಣಿಸದು. ಬೆನ್ನಿನ ತೆಳು ಗೆರೆಯನ್ನು ಎಲೆಯ ನಡು ನರಕ್ಕೆ ಸರಿಯಾಗಿ ಹೊಂದಿಸಿ ಮಲಗಿರುತ್ತದೆ.

ಹೂವಿಗೆ ರಥಪುಷ್ಪ, ಕೇಪಳ, ಕಾಡು ಉತ್ತರಾಣಿ ಸಾಕು. ಬಿಸಿಲು ಬೀಳುವ ಕಡೆ ಹಾಕಿ, ಮೈ ಕಾಯದೆ ಚಿಟ್ಟೆ ಹಾರುವುದಿಲ್ಲ. ನರ್ಸರಿಯ, ಎಸಳಿನ ಸುತ್ತು ಜಾಸ್ತಿ ಇರುವ ಹೂಗಳು ನೋಡೋಕೆ ಚೆಂದ, ಬಹಳಷ್ಟರಲ್ಲಿ ಮಕರಂದ ಕಮ್ಮಿ. ಲಂಟಾನ ಚಿಟ್ಟೆಗೆ ಇಷ್ಟ ನಿಜ, ಆದರೆ ಕಾಡನ್ನೇ ನುಂಗುತ್ತಿರುವ ಗಿಡವನ್ನು ಕಾಸು ಕೊಟ್ಟು ತರಲು ನನಗೆ ಮನಸ್ಸಾಗಲಿಲ್ಲ. ಒಂದು ಮೂಲೆಯಲ್ಲಿ ಗಿಲಿಗಿಚ್ಚಿ ಗಿಡ ಇದೆ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತದಲ್ಲ, ಅದೇ. ಬ್ಲೂ ಟೈಗರ್ ಗಂಡುಗಳು ಅದರ ಬಾಡಿದ ಎಲೆ, ಕಾಂಡಕ್ಕೆ ಮುತ್ತುತ್ತವೆ. ಹೆಣ್ಣನ್ನು ಒಲಿಸುವ ಸೆಂಟು ತಯಾರಾಗುವುದು ಆ ರಸದಿಂದ. ನಲ್ಲಿ ಕೆಳಗೆ ಮಣ್ಣಿನ ತಟ್ಟೆಯಲ್ಲಿ ಕೆಮ್ಮಣ್ಣು, ಚಿಟಿಕೆ ಕಲ್ಲುಪ್ಪು ಹಾಕಿ ಒದ್ದೆ ಇಟ್ಟಿದ್ದೇನೆ. ಉಪ್ಪಿನಂಶ ಹೀರಲು ಅಲ್ಲಿಗೂ ಹೆಚ್ಚಾಗಿ ಗಂಡುಗಳೇ ಬರುತ್ತವೆ. ಕಳಿತ ಬಾಳೆಹಣ್ಣು ಬ್ಯಾರನ್‌ಗೆ.

ಔಷಧಿ ಹೊಡೆಯುವ ಹಾಗಿಲ್ಲ, ಬೇವಿನೆಣ್ಣೆ ಕೂಡ. ಎಕ್ಕಕ್ಕೆ ಹಳದಿ ಹೇನು ಹತ್ತಿದರೆ ಬರೀ ನೀರು ಚಿಮ್ಮಿಸುತ್ತೇನೆ. ಎಲ್ಲ ಹುಳವೂ ಚಿಟ್ಟೆ ಆಗುವುದಿಲ್ಲ. ಪಿಕಳಾರ, ಓತಿಕ್ಯಾತ ಹೊಟ್ಟೆಗೆ ಒಂದಷ್ಟು ಹೋಗುತ್ತವೆ. ಕೆಲವು ಕೋಶಗಳಿಂದ ಚಿಟ್ಟೆ ಬದಲು ಸಣ್ಣ ಕಣಜ ಹೊರಬರುತ್ತದೆ. ನಾನು ಅಡ್ಡ ಬರುವುದಿಲ್ಲ. ಬಾಟಲಿಯಲ್ಲಿ ಹುಳ ಸಾಕುವುದಕ್ಕೂ ಹೋಗಿಲ್ಲ.

ಇನ್ನೊಂದು ಮಾತು. ಕೋಶ ಕಟ್ಟುವ ಹೊತ್ತಿಗೆ ಹುಳ ಎಷ್ಟೋ ಸಲ ಗಿಡ ಬಿಟ್ಟು ಹೊರಡುತ್ತದೆ. ಕುಂಡದ ಅಂಚು, ಬಟ್ಟೆ ಒಣಹಾಕುವ ತಂತಿ, ಮೂಲೆಗಿಟ್ಟ ಪೊರಕೆ, ಎಲ್ಲಿ ಬೇಕಾದರೂ ಅಂಟಿಕೊಂಡೀತು. ಚಿಟ್ಟೆ ಜಾಸ್ತಿ ಇರುವುದು ಮಳೆ ಇಳಿದ ಮೇಲೆ. ನಾವು ದಸರಾ, ದೀಪಾವಳಿಗೆ ಧೂಳು ಹೊಡೆಯುವುದೂ ಆಗಲೇ. ಹಿತ್ತಲು ಗುಡಿಸುವವರಿಗೆ ಒಂದು ಕೋಶ ತೋರಿಸಿ, ಮೊದಲೇ ಹೇಳಿಡಿ.